ತಾಯಿಯಾಗುವವಳ ಮಿದುಳು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಡೆ ಮನೆಯ ಸೊಸೆ ಮೊದಲ ಸಲ ಬಸುರಿಯಾದಾಗ ಕುಬಸ ಮಾಡುತ್ತಾರೆ. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಬಯಕೆಯ ಊಟ ಬಡಿಸುತ್ತಾರೆ. ಬೆಳೆಯುವ ಹೊಟ್ಟೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಅದಕ್ಕೆ ಎಲ್ಲರೂ ಮರ್ಯಾದೆ ಕೊಡುತ್ತಾರೆ. ಆದರೆ ಅದೇ ಸೊಸೆ ಒಲೆಯ ಮೇಲೆ ಹಾಲಿಟ್ಟು ಮರೆತರೆ, ಸಣ್ಣ ಮಾತಿಗೆ ಕಣ್ಣೀರು ತಂದರೆ, "ಇಕಿಗೆ ಲಕ್ಷ್ಯಾನ ಇಲ್ಲ ನೋಡ್ರಿ" ಎಂಬ ಮಾತು ಕೇಳಿಬರುತ್ತದೆ. ಹೊಟ್ಟೆಯಲ್ಲಿ ಕೂಸು ಬೆಳೆಯುವಾಗ ತಾಯಿಯ ತಲೆಯೊಳಗೂ ಒಂದು ದೊಡ್ಡ ಕೆಲಸ ನಡೆದಿರುತ್ತದೆ. ಅದು ಯಾರ ಕಣ್ಣಿಗೂ ಕಾಣುವುದಿಲ್ಲ.

ವಿಜ್ಞಾನಿಗಳು ಕಂಡದ್ದೇನು?

ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ಸಂಶೋಧಕರು 25 ಮಹಿಳೆಯರ ಮಿದುಳನ್ನು ಅವರು ಮೊದಲ ಬಸುರಿಯಾಗುವ ಮುನ್ನ ಒಮ್ಮೆ, ಹೆರಿಗೆಯ ನಂತರ ಮತ್ತೊಮ್ಮೆ ಎಂ.ಆರ್.ಐ. ಯಂತ್ರದಿಂದ ಪರೀಕ್ಷಿಸಿದರು. 2016ರ ಡಿಸೆಂಬರಿನಲ್ಲಿ ಪ್ರಕಟವಾದ ಫಲಿತಾಂಶ ಅನೇಕರನ್ನು ಬೆರಗುಗೊಳಿಸಿತು. ಮಿದುಳಿನ ಬೂದು ಭಾಗವು ಕೆಲವು ಕಡೆ ಕಡಿಮೆಯಾಗಿತ್ತು. ಎರಡು ವರ್ಷಗಳ ನಂತರ ನೋಡಿದಾಗಲೂ ಆ ಬದಲಾವಣೆಯ ಬಹುಭಾಗ ಉಳಿದಿತ್ತು. ಅವರ ಗಂಡಂದಿರಲ್ಲಿ ಇಂಥ ಬದಲಾವಣೆ ಕಾಣಲಿಲ್ಲ.

ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಎಲಿಜಬೆತ್ ಕ್ರಾಸ್ಟಿಲ್ ಎಂಬ ನರವಿಜ್ಞಾನಿ ತಮ್ಮ ಮಿದುಳನ್ನೇ ಪರೀಕ್ಷೆಗೆ ಒಡ್ಡಿದರು. ಗರ್ಭ ನಿಲ್ಲುವ ಮೂರು ವಾರ ಮೊದಲಿನಿಂದ ಹಿಡಿದು ಹೆರಿಗೆಯಾಗಿ ಎರಡು ವರ್ಷದವರೆಗೆ ಒಟ್ಟು 26 ಸಲ ಚಿತ್ರ ತೆಗೆಯಲಾಯಿತು. 2024ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ವಾರ ಕಳೆದಂತೆ ಬೂದು ಭಾಗ ತಗ್ಗುತ್ತ ಹೋದದ್ದು ಕಂಡಿತು. ಅದೇ ಸಮಯದಲ್ಲಿ, ಮಿದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಸುದ್ದಿ ಸಾಗಿಸುವ ಬಿಳಿ ಎಳೆಗಳು ನಡುವಿನ ಮೂರು ತಿಂಗಳಲ್ಲಿ ಇನ್ನಷ್ಟು ಬಲಗೊಂಡಿದ್ದವು. ಗರ್ಭದ ದಿನಗಳಲ್ಲಿ ಬಹುಪಟ್ಟು ಏರುವ ಈಸ್ಟ್ರೋಜನ್, ಪ್ರೊಜೆಸ್ಟೆರಾನ್ ಎಂಬ ಹಾರ್ಮೋನುಗಳೊಂದಿಗೆ ಈ ಬದಲಾವಣೆಗಳು ಹೆಜ್ಜೆ ಹಾಕುತ್ತವೆ.

ಕಡಿಮೆಯಾದದ್ದೆಲ್ಲ ನಷ್ಟವಲ್ಲ

ಹಾಗಾದರೆ ತಾಯಿಯಾದವಳ ಬುದ್ಧಿ ಕುಗ್ಗಿತೇ? ಇಲ್ಲ. ನಮ್ಮ ರೈತರು ಕಬ್ಬಿನ ಗದ್ದೆಯಲ್ಲಿ ಒಣ ರವದಿ ಸುಲಿಯುತ್ತಾರೆ. ಕಬ್ಬಿಗೆ ಗಾಳಿ-ಬೆಳಕು ಸಿಗಲೆಂದು ಸುಲಿಯುತ್ತಾರೆಯೇ ಹೊರತು ಬೆಳೆ ಹಾಳಾಗಲೆಂದಲ್ಲ. ಮಿದುಳಿನಲ್ಲಿಯೂ ಬೇಡವಾದ ಎಳೆಗಳು ಸರಿದು, ಬೇಕಾದವು ಚುರುಕಾಗುತ್ತಿರಬಹುದೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಹರೆಯದ ವಯಸ್ಸಿನಲ್ಲಿಯೂ ಮಿದುಳು ಹೀಗೆಯೇ ಬದಲಾಗುತ್ತದೆ; ಆ ವಯಸ್ಸಿನವರನ್ನು ನಾವು ದಡ್ಡರೆನ್ನುವುದಿಲ್ಲ.

ಬಾರ್ಸಿಲೋನಾದ ಅಧ್ಯಯನದಲ್ಲಿ ಬದಲಾದ ಭಾಗಗಳು ಇನ್ನೊಬ್ಬರ ಮನಸ್ಸನ್ನು ಅರಿಯಲು ನೆರವಾಗುವ ಭಾಗಗಳಾಗಿದ್ದವು. ಬದಲಾವಣೆ ಹೆಚ್ಚಾದಷ್ಟೂ ಕೂಸಿನ ಮೇಲಿನ ಅಂಟು ಹೆಚ್ಚೆಂದು ಕಂಡುಬಂತು. ಮಾತು ಬಾರದ ಕೂಸಿನ ಅಳುವಿನಲ್ಲಿ ಹಸಿವು ಯಾವುದು, ನೋವು ಯಾವುದು ಎಂದು ಅರಿಯುವ ಕೆಲಸ ಸಣ್ಣದೇನಲ್ಲ. ಅದಕ್ಕೆ ಮಿದುಳೂ ಸಿದ್ಧವಾಗಬೇಕು.

ಮರೆವಿನ ಮಾತು ಪೂರ್ತಿ ಸುಳ್ಳಲ್ಲ. 2018ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 20 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕೊನೆಯ ಮೂರು ತಿಂಗಳಲ್ಲಿ ನೆನಪು ಸ್ವಲ್ಪ ತಗ್ಗುವುದು ಕಂಡಿತು. ಆದರೆ ಅದು ಸಾಮಾನ್ಯ ಮಿತಿಯೊಳಗೇ ಇತ್ತು. ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವವಳ, ಹೊಲದಲ್ಲಿ ಕಳೆ ತೆಗೆಯುವವಳ ಮರೆವಿಗೆ ದಣಿವು, ನಿದ್ದೆಗೇಡೂ ಸೇರಿಕೊಳ್ಳುತ್ತವೆ. ಅದನ್ನು ಅವಳ ತಪ್ಪೆಂದು ಎಣಿಸುವುದು ನ್ಯಾಯವಲ್ಲ.

ಕಣ್ಣೀರು ಯಾವಾಗ ಕಾಯಿಲೆ?

ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು ಬರುವುದು, ಮನಸ್ಸು ಕುಗ್ಗುವುದು ಬಹಳ ತಾಯಂದಿರಿಗೆ ಸಹಜ. ಎರಡು ವಾರಗಳೊಳಗೆ ಅದು ಹೋಗುತ್ತದೆ. ಹೋಗದೆ ಉಳಿದರೆ, ಊಟ-ನಿದ್ದೆ ಬೇಡವಾದರೆ, ಕೂಸಿನ ಮೇಲೂ ಮನಸ್ಸಿಲ್ಲವಾದರೆ ಅದು ಖಿನ್ನತೆಯಾಗಿರಬಹುದು. ಭಾರತದ 38 ಅಧ್ಯಯನಗಳನ್ನು 2017ರಲ್ಲಿ ಪರಿಶೀಲಿಸಿದಾಗ, ಹೆರಿಗೆಯಾದ ನೂರು ತಾಯಂದಿರಲ್ಲಿ ಸುಮಾರು 22 ಮಂದಿಯಲ್ಲಿ ಇದು ಕಂಡುಬಂದಿತ್ತು. ಸಾವಿರಕ್ಕೆ ಒಬ್ಬಿಬ್ಬರಿಗೆ ಇನ್ನೂ ತೀವ್ರವಾದ ಕಾಯಿಲೆ ಬರುತ್ತದೆ: ನಿದ್ದೆಯಿಲ್ಲದೆ ಏನೇನೋ ಮಾತಾಡುವುದು, ಇಲ್ಲದ ಸದ್ದು ಕೇಳುವುದು, ಕೂಸಿನ ಬಗ್ಗೆ ವಿಪರೀತ ಸಂಶಯ. ಆಗ "ಗಾಳಿ ಸೋಕಿದೆ" ಎಂದು ತಾಯಿತ ಕಟ್ಟುತ್ತ ದಿನ ಕಳೆಯಬಾರದು. ಅಂಥ ತಾಯಿಯನ್ನು ಒಂಟಿಯಾಗಿ ಬಿಡದೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಎರಡಕ್ಕೂ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಾಯಿಯನ್ನೂ ಕೂಸನ್ನೂ ಒಟ್ಟಿಗೆ ಇರಿಸಿಕೊಂಡು ಆರೈಕೆ ಮಾಡುವ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ, ಖರ್ಚಿಲ್ಲದೆ ಸಲಹೆ ಪಡೆಯಬಹುದು.

ಮನೆಯವರು ಮಾಡಬಹುದಾದದ್ದು

ಅತ್ತೆಯಾದವರು ಸೊಸೆಯ ಮರೆವನ್ನು ಬಂದವರ ಮುಂದೆ ಎತ್ತಿ ಆಡದಿರಲಿ. ಗಂಡನಾದವನು ರಾತ್ರಿ ಒಂದು ಹೊತ್ತಾದರೂ ಕೂಸನ್ನು ಎತ್ತಿಕೊಂಡು ಆಕೆಗೆ ನಿದ್ದೆ ಮಾಡಲು ಬಿಡಲಿ. ಮೊದಲ ಹೆರಿಗೆಗೆ ತವರಿಗೆ ಹೋದವಳನ್ನು ಫೋನಿನಲ್ಲಿ "ಕೂಸು ಹೆಂಗದ?" ಎಂದು ಕೇಳುವಾಗ "ನೀ ಹೆಂಗದಿ?" ಎಂದೂ ಕೇಳಲಿ. ಹೆರಿಗೆಯ ನಂತರದ 42 ದಿನಗಳಲ್ಲಿ ಆಶಾ ಕಾರ್ಯಕರ್ತೆ ಹಲವು ಸಲ ಮನೆಗೆ ಬರುತ್ತಾರೆ. ಕೂಸಿನ ತೂಕ ನೋಡಿಸಿದಂತೆ ತಾಯಿಯ ಮನಸ್ಸಿನ ಸ್ಥಿತಿಯನ್ನೂ ಅವರಿಗೆ ತಿಳಿಸಿರಿ.

ಕುಬಸದ ದಿನ ಆಕೆಗೆ ಸಲ್ಲುವ ಮರ್ಯಾದೆ ಒಂದು ದಿನದ್ದಾಗಬಾರದು. ಮಿದುಳಿನ ಈ ಕೆಲಸ ವರ್ಷಗಟ್ಟಲೆ ನಡೆಯುವಂಥದು. ನಮ್ಮ ತಾಳ್ಮೆಯೂ ಅಷ್ಟೇ ಉದ್ದವಾಗಿರಲಿ.