ಮೊಡವೆಯ ಮದ್ದು: ಎರಡು ತಟ್ಟೆಗಳ ತೂಕ

ಶಿಕಾರಿಪುರ, ಸೊರಬಗಳ ಕಡೆಯಿಂದ ನಮ್ಮ ತರಗತಿಗೆ ಬರುವ ತರುಣರಲ್ಲಿ ಕೆಲವರು ಮೊಡವೆಗೆ ನಾಚಿ ಕೊನೆಯ ಬೆಂಚನ್ನು ಹಿಡಿಯುವುದುಂಟು. ಸಾಮಾನ್ಯ ಮೊಡವೆಯು ಬಹುಮಟ್ಟಿಗೆ ವಯಸ್ಸಿನೊಡನೆ ಅಡಗುತ್ತದೆ. ಗಂಟುಕಟ್ಟಿ ಕೀವು ತುಂಬುವ ಬಗೆಯಾದರೋ ಅಳಿಯದ ಕಲೆಯನ್ನು ಉಳಿಸುತ್ತದೆ. ಬೇರೆ ಔಷಧಗಳು ಸೋತಾಗ ಇದಕ್ಕೆ ವೈದ್ಯರು ಕೊಡುವುದು ಐಸೊಟ್ರೆಟಿನಾಯಿನ್. 'ಎ' ಜೀವಸತ್ವದ ಬಂಧುವಾದ ಈ ಮದ್ದಿಗೆ ಅಮೆರಿಕದಲ್ಲಿ 1982ರಲ್ಲಿ ಅನುಮತಿ ದೊರೆಯಿತು. ಇದು ಚರ್ಮದ ಜಿಡ್ಡನ್ನು ಒಸರುವ ಗ್ರಂಥಿಗಳನ್ನೇ ಕುಗ್ಗಿಸುತ್ತದೆ.

ಲೆಕ್ಕ ನೋಡೋಣ. ದೇಹತೂಕದ ಕಿಲೋಗ್ರಾಮಿಗೆ ಒಟ್ಟು 120 ಮಿಲಿಗ್ರಾಮಿನಂತೆ, 50 ಕಿಲೋಗ್ರಾಮಿನವನಿಗೆ 6,000 ಮಿಲಿಗ್ರಾಮ್. ದಿನಕ್ಕೆ 25ರಂತೆ 240 ದಿನ! ಆ ಕಾಲದಲ್ಲಿ ತುಟಿ ಒಣಗಿ ಬಿರಿಯುವುದು ಬಹುತೇಕ ಖಚಿತ. ರಕ್ತದ ಕೊಬ್ಬು ಏರಬಹುದು, ಯಕೃತ್ತಿಗೆ ತೊಂದರೆಯಾಗಬಹುದು, ರಕ್ತಪರೀಕ್ಷೆ ಅದಕ್ಕಾಗಿಯೇ. ಮನಸ್ಸು ಕುಗ್ಗಿಸುವುದೆಂಬ ಶಂಕೆಯ ಬಗೆಗೆ ವಾದ ಮುಗಿದಿಲ್ಲ. ಹಾಗೆ ಅನ್ನಿಸಿದೊಡನೆ ವೈದ್ಯರಿಗೆ ತಿಳಿಸಬೇಕು. ಗರ್ಭಿಣಿಗಂತೂ ಸರ್ವಥಾ ಕೂಡದು: ಶಿಶುವಿನ ಮೆದುಳು, ಹೃದಯ, ಕಿವಿಗಳು ವಿಕಾರಗೊಳ್ಳಬಹುದು. ಮದ್ದು ನಿಲ್ಲಿಸಿದ ಮೇಲೂ ಒಂದು ತಿಂಗಳು ಗರ್ಭ ಧರಿಸಬಾರದು.

ಇಷ್ಟಾದರೂ, ಕಲೆಬೀಳುವ ಮೊಡವೆಯಲ್ಲಿ ಅಂಜಿ ಕಾಲ ಕಳೆಯುವುದು ನಮಗೆ ಸರಿಕಾಣದು. ನಮ್ಮ ಹುಡುಗರು ಈ ಮದ್ದಿಗೆ ಹೆದರಿ, ಚೀಟಿಯಿಲ್ಲದೆ ಅಂಗಡಿಯಿಂದ ಸ್ಟೀರಾಯ್ಡ್ ಮುಲಾಮನ್ನು ಧೈರ್ಯವಾಗಿ ತರುತ್ತಾರೆ. ಅದೋ, ಮೊದಲು ಕೆಂಪನ್ನು ಅಡಗಿಸಿ, ಬಳಿಕ ತಾನೇ ಮೊಡವೆಯನ್ನು ಎಬ್ಬಿಸುತ್ತದೆ.