ಗದ್ದೆ ಮಾರುವ ಮೊದಲು

ಪ್ರಶ್ನೆ: ನಾನು ಮೈಸೂರಿನ ಕಾಲೇಜೊಂದರಲ್ಲಿ ಬಿ.ಇ. ಸಿವಿಲ್ ಕೊನೆಯ ವರ್ಷದಲ್ಲಿದ್ದೇನೆ. ಊರು ಚುಂಚನಕಟ್ಟೆ. ಅಪ್ಪನಿಗೆ ನಾಲೆ ಕೆಳಗೆ ಎರಡು ಎಕರೆ ಗದ್ದೆ ಇದೆ, ಆಸ್ತಿ ಅಂತ ಇರುವುದು ಅಷ್ಟೇ. ಹೊರದೇಶದಲ್ಲಿ ಎಂ.ಎಸ್. ಮಾಡಬೇಕು ಅಂತ ಆಸೆ. ಒಂದು ಕನ್ಸಲ್ಟೆನ್ಸಿಯಲ್ಲಿ ವಿಚಾರಿಸಿದರೆ, ‘ಸೀಟು ಗ್ಯಾರಂಟಿ, 40 ಲಕ್ಷ ಹೊಂದಿಸಿಕೊಳ್ಳಿ, ಸ್ಕಾಲರ್‌ಶಿಪ್ ಅಲ್ಲಿ ಹೋದಮೇಲೆ ಸಿಗುತ್ತೆ’ ಅಂದರು. ಅಪ್ಪ ಗದ್ದೆ ಮಾರೋಣ ಅನ್ನುತ್ತಾರೆ, ಅಮ್ಮ ಮಾತೇ ಆಡುತ್ತಿಲ್ಲ. ನಮ್ಮಂಥವರಿಗೆ ನಿಜವಾಗಿ ಸ್ಕಾಲರ್‌ಶಿಪ್ ಸಿಗುತ್ತದೆಯೇ? ಎಲ್ಲಿಂದ ಶುರು ಮಾಡಲಿ?
– ಓದುಗರು, ಚುಂಚನಕಟ್ಟೆ

ಉತ್ತರ: ಸಿಗುತ್ತದೆ. ಆದರೆ ಕನ್ಸಲ್ಟೆನ್ಸಿಯವರು ಹೇಳಿದ ಕ್ರಮದಲ್ಲಿ ಸಿಗುವುದು ತೀರಾ ಅಪರೂಪ. ಸ್ಕಾಲರ್‌ಶಿಪ್‌ಗಳಲ್ಲಿ ಬಹುಪಾಲು ವಿಮಾನ ಹತ್ತುವ ಮೊದಲೇ ತೀರ್ಮಾನವಾಗಿರುತ್ತವೆ. ಖರ್ಚಿಗೆ ದುಡ್ಡಿದೆ ಎಂದು ತೋರಿಸದೆ ವೀಸಾವೇ ಆಗದು. ಆದ್ದರಿಂದ ಸದ್ಯಕ್ಕೆ ಗದ್ದೆಯ ಮಾತು ಬೇಡ ಎಂದು ಅಪ್ಪನಿಗೆ ಹೇಳಿ, ಮುಂದೆ ಓದಿ.

ಸಂಕ್ರಾಂತಿ ಹೊತ್ತಿಗೆ ನಿಮ್ಮೂರಲ್ಲಿ ಸೇರುವ ದನಗಳ ಜಾತ್ರೆಯನ್ನು ಚಿಕ್ಕಂದಿನಿಂದ ನೋಡಿದ್ದೀರಿ. ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಟವೆಲ್ ಮುಚ್ಚಿ ಬೆರಳು ಹಿಡಿಯುವ ದಳ್ಳಾಳಿ ಯಾರ ಕಡೆಯವನು ಎಂಬುದನ್ನೂ ಲೆಕ್ಕ ಹಾಕುತ್ತಾರೆ. ಹೊರದೇಶದ ಓದಿನಲ್ಲೂ ಅದೇ ಲೆಕ್ಕ ಬೇಕು. ಬಹಳಷ್ಟು ಕನ್ಸಲ್ಟೆನ್ಸಿಗಳು ನಡೆಯುವುದು, ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕೆ ಅಲ್ಲಿನ ವಿಶ್ವವಿದ್ಯಾಲಯ ಕೊಡುವ ಕಮಿಷನ್ನಿನ ಮೇಲೆ. ಫೀಸೇ ಇಲ್ಲದ ವಿಶ್ವವಿದ್ಯಾಲಯ ಕಮಿಷನ್ ಎಲ್ಲಿಂದ ಕೊಟ್ಟೀತು? ಹಾಗಾಗಿಯೇ ಅಂಥವುಗಳ ಹೆಸರು ಆ ಮೇಜಿನ ಮೇಲೆ ಬರುವುದು ಕಡಿಮೆ.

ನಮ್ಮ ಕಡೆಯ ದೊಡ್ಡವರು ಹೊರಗೆ ಹೋಗಿ ಓದಿದ್ದು ಹೇಗೆ ಎಂದು ನೋಡಿ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ 1959ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಫುಲ್‌ಬ್ರೈಟ್ ನೆರವಿನಲ್ಲಿ. ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡರು 1960ರಲ್ಲಿ ಆಕ್ಸ್‌ಫರ್ಡ್ ಸೇರಿದ್ದು ರೋಡ್ಸ್ ವಿದ್ಯಾರ್ಥಿಯಾಗಿ. ಮಹಾರಾಜ ಕಾಲೇಜಿನ ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಬರ್ಮಿಂಗ್‌ಹ್ಯಾಮಿಗೆ ಹೋಗಿ 1966ರಲ್ಲಿ ಪಿಎಚ್‌.ಡಿ. ಮುಗಿಸಿದರು. ಮೂವರೂ ಬೇರೆಯವರ ದುಡ್ಡಿನಲ್ಲಿ ಓದಿದವರು. ಆ ಮೂರು ಹೆಸರಿನ ವಿದ್ಯಾರ್ಥಿವೇತನಗಳಿಗೆ ಈಗಲೂ ಭಾರತದವರು ಅರ್ಜಿ ಹಾಕಬಹುದು.

ಇನ್ನೂ ಹಿಂದಿನ ಒಂದು ಪಾಠ ಅಂಬೇಡ್ಕರರದು. 1913ರಲ್ಲಿ ಅವರು ಕೊಲಂಬಿಯಾಕ್ಕೆ ಹೋದಾಗ ಕೈಯಲ್ಲಿದ್ದದ್ದು ಬರೋಡ ಸಂಸ್ಥಾನದ ವಿದ್ಯಾರ್ಥಿವೇತನ, ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷಕ್ಕೆ. ಮರಳಿದ ಮೇಲೆ ಬರೋಡದಲ್ಲಿ ಕೆಲಸ ಮಾಡಬೇಕೆಂಬ ಕರಾರೂ ಇತ್ತು. ಲಂಡನ್ನಿನ ಓದು ಅರ್ಧದಲ್ಲಿರುವಾಗಲೇ ಅವಧಿ ಮುಗಿದು 1917ರಲ್ಲಿ ವಾಪಸು ಬರಬೇಕಾಯಿತು. ತಮ್ಮ ಉಳಿತಾಯಕ್ಕೆ ಕೊಲ್ಹಾಪುರದ ಶಾಹು ಮಹಾರಾಜರ ನೆರವು ಸೇರಿಸಿಕೊಂಡು ಅವರು ಮತ್ತೆ ಲಂಡನ್ನಿಗೆ ಹೊರಟದ್ದು 1920ರಲ್ಲಿ. ಆದ್ದರಿಂದ ಯಾವ ವಿದ್ಯಾರ್ಥಿವೇತನವೇ ಆಗಲಿ, ಎಷ್ಟು ಕೊಡುತ್ತಾರೆ ಎನ್ನುವುದರ ಜೊತೆಗೆ ಎಷ್ಟು ತಿಂಗಳು ಕೊಡುತ್ತಾರೆ, ಯಾವ ಕರಾರಿನ ಮೇಲೆ ಕೊಡುತ್ತಾರೆ ಎಂದೂ ಕೇಳಿಕೊಳ್ಳಿ.

ಮೊದಲು ನಮ್ಮ ಸರ್ಕಾರಗಳ ದುಡ್ಡು. ನಿಮ್ಮ ಜಾತಿ ನನಗೆ ಬೇಕಿಲ್ಲ, ಆದರೆ ಈ ಯೋಜನೆಗಳಿಗೆ ಬೇಕು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಓದುಗರೂ ಇದನ್ನು ನೋಡುತ್ತಾರಾದ್ದರಿಂದ ಎಲ್ಲವನ್ನೂ ಹೇಳುತ್ತೇನೆ. ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ‘ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ’ ಇದೆ. ವರ್ಷಕ್ಕೆ 125 ಸ್ಥಾನ. ಅದರಲ್ಲಿ 115 ಪರಿಶಿಷ್ಟ ಜಾತಿಗೆ, 6 ಅಲೆಮಾರಿ ಮತ್ತು ವಿಮುಕ್ತ ಬುಡಕಟ್ಟುಗಳಿಗೆ, 4 ಭೂರಹಿತ ಕೃಷಿ ಕೂಲಿಕಾರರು ಹಾಗೂ ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ. ಮನೆಯ ವಾರ್ಷಿಕ ಆದಾಯ 8 ಲಕ್ಷ ದಾಟಿರಬಾರದು, ವಯಸ್ಸು 35ರೊಳಗಿರಬೇಕು, ಶೇ 60 ಅಂಕ ಇರಬೇಕು, ಸೇರುವ ವಿಶ್ವವಿದ್ಯಾಲಯ ಜಾಗತಿಕ ಕ್ಯೂಎಸ್ ಪಟ್ಟಿಯ ಮೊದಲ 500ರಲ್ಲಿರಬೇಕು. ಫೀಸಿನ ಜೊತೆಗೆ ಅಮೆರಿಕದಲ್ಲಾದರೆ ವರ್ಷಕ್ಕೆ 15,400 ಡಾಲರ್, ಬ್ರಿಟನ್ನಿನಲ್ಲಾದರೆ 9,900 ಪೌಂಡ್ ಜೀವನವೆಚ್ಚ ಕೊಡುತ್ತಾರೆ. ಶೇ 30ರಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು.

ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ಸಚಿವಾಲಯದ್ದೇ ಬೇರೆ ಯೋಜನೆ ಇದೆ. ಅದರ 20 ಸ್ಥಾನಗಳಲ್ಲಿ 3 ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಮೀಸಲು. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಎರಡೇ ಸಮುದಾಯ: ಕೊರಗರು ಮತ್ತು ಜೇನುಕುರುಬರು. ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳಲ್ಲಿ ಪದವಿ ಮುಗಿಸಿದ ಜೇನುಕುರುಬರ ಹುಡುಗ ಹುಡುಗಿಯರು ನಿಮ್ಮ ಪರಿಚಯದಲ್ಲಿದ್ದರೆ ದಯವಿಟ್ಟು ಈ ಸಾಲನ್ನು ಅವರಿಗೆ ಓದಿ ಹೇಳಿ.

ರಾಜ್ಯ ಸರ್ಕಾರದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ. ಆದಾಯ ಕಡಿಮೆ ಇದ್ದವರಿಗೆ ಪೂರ್ತಿ ವೆಚ್ಚ, ಹೆಚ್ಚಿದ್ದವರಿಗೆ ಒಂದು ಪಾಲು. ಹಿಂದುಳಿದ ವರ್ಗಗಳಿಗೆ, ಅಲ್ಪಸಂಖ್ಯಾತರಿಗೆ, ಒಕ್ಕಲಿಗರಿಗೆ ಅವರವರ ಇಲಾಖೆ ಅಥವಾ ಅಭಿವೃದ್ಧಿ ನಿಗಮದಲ್ಲಿ ಹೊರದೇಶದ ಓದಿಗೆ ನೆರವು ಅಥವಾ ಸಾಲ ಸಿಗುತ್ತದೆ. ಹಿಂದುಳಿದ ವರ್ಗಗಳ ನಿಗಮಕ್ಕಿರುವುದು ನಿಮ್ಮ ಪಕ್ಕದ ಹುಣಸೂರಿನ ದೇವರಾಜ ಅರಸರ ಹೆಸರೇ. ಇವುಗಳ ಮೊತ್ತ, ನಿಯಮ ವರ್ಷವರ್ಷಕ್ಕೆ ಬದಲಾಗುತ್ತವೆ, ಕೆಲವೊಮ್ಮೆ ಯೋಜನೆಯೇ ನಿಂತುಹೋಗುತ್ತದೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲಕ್ಕೆ ಬಡ್ಡಿ ಸಹಾಯಧನ ಕೊಡುತ್ತಿದ್ದ ಕೇಂದ್ರದ ‘ಪಢೋ ಪರದೇಶ್’ 2022-23ರಲ್ಲಿ ನಿಂತೇಹೋಯಿತು. ಆದ್ದರಿಂದ ಹೋದ ವರ್ಷ ಯಾರಿಗೋ ಸಿಕ್ಕಿತ್ತು ಎಂಬ ಮಾತನ್ನು ನಂಬಿ ಕೂರಬೇಡಿ, ಈ ವರ್ಷದ ಅಧಿಸೂಚನೆ ತೆಗೆದು ಓದಿ.

ಎರಡನೆಯದು ಹೊರಗಿನ ಸರ್ಕಾರಗಳ ದುಡ್ಡು. ಇಲ್ಲಿ ಜಾತಿ ಕೇಳುವುದಿಲ್ಲ, ಅಂಕ ಮತ್ತು ಬರವಣಿಗೆ ನೋಡುತ್ತಾರೆ. ಈಗಷ್ಟೇ ಪದವಿ ಮುಗಿಸುವ ನಿಮ್ಮಂಥವರಿಗೆ ನಾನು ಮೊದಲು ಹೇಳುವ ಹೆಸರು ಯುರೋಪಿನ ‘ಎರಾಸ್ಮಸ್ ಮುಂಡಸ್’. ಎರಡು ಮೂರು ದೇಶಗಳ ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಸ್ನಾತಕೋತ್ತರ ಪದವಿ ಇದು. ಆಯ್ಕೆಯಾದರೆ ಫೀಸಿಲ್ಲ, ಮೇಲೆ ತಿಂಗಳಿಗೆ 1,400 ಯೂರೋ, 24 ತಿಂಗಳವರೆಗೆ. ಒಟ್ಟು 33,600 ಯೂರೋ. ಅರ್ಜಿಗಳು ಸಾಮಾನ್ಯವಾಗಿ ಅಕ್ಟೋಬರಿನಿಂದ ಜನವರಿವರೆಗೆ, ಅಂದರೆ ನಿಮ್ಮೂರ ಜಾತ್ರೆ ಮುಗಿಯುವ ಹೊತ್ತಿಗೆ ಹೆಚ್ಚಿನವುಗಳ ಬಾಗಿಲು ಮುಚ್ಚಿರುತ್ತದೆ. ಜಪಾನ್ ಸರ್ಕಾರದ ‘ಮೆಕ್ಸ್ಟ್’ ಫೀಸು, ವಿಮಾನದ ಖರ್ಚು, ತಿಂಗಳ ಭತ್ಯೆ ಮೂರನ್ನೂ ಕೊಡುತ್ತದೆ. ಪಿಯುಸಿ ಮುಗಿಸಿದವರಿಗೂ ಅದರಲ್ಲಿ ಜಾಗವಿದೆ. ಬ್ರಿಟನ್ನಿನ ‘ಕಾಮನ್‌ವೆಲ್ತ್ ಶೇರ್ಡ್’ ವಿದ್ಯಾರ್ಥಿವೇತನವಂತೂ ಸ್ವಂತ ದುಡ್ಡಿನಲ್ಲಿ ಓದಲಾಗದವರಿಗೆಂದೇ ಇರುವಂಥದ್ದು.

ಬ್ರಿಟನ್ನಿನ ಚೀವನಿಂಗ್ ಎರಡು ವರ್ಷದ ಕೆಲಸದ ಅನುಭವ ಕೇಳುತ್ತದೆ, ಅಮೆರಿಕದ ಫುಲ್‌ಬ್ರೈಟ್–ನೆಹರೂ ಮಾಸ್ಟರ್ಸ್ ಮೂರು ವರ್ಷ ಕೇಳುತ್ತದೆ. ಹಾಗಾಗಿ ಈ ವರ್ಷ ಎಲ್ಲೂ ಆಗದಿದ್ದರೆ ಕೆಲಸಕ್ಕೆ ಸೇರಿ. ನೀರಾವರಿ, ರಸ್ತೆ, ಕಟ್ಟಡ ಏನೇ ಆಗಲಿ, ಎರಡು ಮೂರು ವರ್ಷ ಸೈಟಿನಲ್ಲಿ ನಿಂತ ಸಿವಿಲ್ ಎಂಜಿನಿಯರ್ ಬರೆಯುವ ಅರ್ಜಿಗೂ ಕಾಲೇಜಿನಿಂದ ನೇರ ಬಂದವರ ಅರ್ಜಿಗೂ ಅಜಗಜಾಂತರ.

ಮೂರನೆಯದು ಫೀಸೇ ಇಲ್ಲದ ದೇಶ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಹೊರದೇಶದವರಿಗೂ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರಿಗೊಂದು ಸಣ್ಣ ವಂತಿಗೆ ಮಾತ್ರ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಹಾಕಿದೆ. ಆದರೆ ‘ಜರ್ಮನಿ ಫ್ರೀ’ ಎಂದು ಹಿಗ್ಗುವ ಮೊದಲು ಒಂದು ಅಂಕಿ ನೆನಪಿಡಿ: 11,904 ಯೂರೋ. ಸುಮಾರು 12 ಲಕ್ಷ ರೂಪಾಯಿಯಾಗುವ ಈ ಹಣವನ್ನು ವೀಸಾಕ್ಕೆ ಮೊದಲೇ ‘ಬ್ಲಾಕ್ಡ್ ಅಕೌಂಟ್’ನಲ್ಲಿ ಇಡಬೇಕು. ಅದು ಯಾರಿಗೂ ಕಟ್ಟುವ ದುಡ್ಡಲ್ಲ, ನಿಮ್ಮದೇ. ಅಲ್ಲಿ ಹೋದಮೇಲೆ ತಿಂಗಳಿಗೆ 992 ಯೂರೋದಂತೆ ನಿಮ್ಮ ಕೈಗೇ ಬರುತ್ತದೆ. ಆದರೂ ಒಮ್ಮೆಗೇ ಹೊಂದಿಸಬೇಕು. ಜೊತೆಗೆ ನಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸುವ ‘ಎಪಿಎಸ್’ ಪ್ರಮಾಣಪತ್ರಕ್ಕೆ 18,000 ರೂಪಾಯಿ. 40 ಲಕ್ಷದ ಮುಂದೆ 12 ಲಕ್ಷದ ಮಾತು ಬೇರೆಯೇ ಅಲ್ಲವೇ?

ಅಮೆರಿಕದ ಬಗ್ಗೆ ಕೇಳಿದ್ದೀರಿ ಎಂದುಕೊಳ್ಳುತ್ತೇನೆ, ಎಂ.ಎಸ್. ಎಂದರೆ ನಮ್ಮಲ್ಲಿ ಅಮೆರಿಕ ಎಂದೇ ಅರ್ಥ. ಅಲ್ಲಿ ಎಂ.ಎಸ್.ಗೆ ಪೂರ್ತಿ ನೆರವು ಕಡಿಮೆ. ಪಿಎಚ್‌.ಡಿ.ಗೆ ಲೆಕ್ಕ ತಿರುಗುಮುರುಗು: ಒಳ್ಳೆಯ ವಿಭಾಗಗಳು ಬೋಧನೆ ಅಥವಾ ಸಂಶೋಧನೆಯ ಕೆಲಸ ಕೊಟ್ಟು ಫೀಸು ಮಾಫಿ ಮಾಡಿ ತಿಂಗಳ ಸಂಬಳವನ್ನೂ ಕೊಡುತ್ತವೆ. ಇಲ್ಲಿಯೇ ಗೇಟ್ ಬರೆದು ಐಐಎಸ್‌ಸಿ, ಐಐಟಿ ಅಥವಾ ಸುರತ್ಕಲ್ಲಿನ ಎನ್‌ಐಟಿಯಲ್ಲಿ ತಿಂಗಳಿಗೆ 12,400 ರೂಪಾಯಿ ಭತ್ಯೆ ಪಡೆಯುತ್ತಾ ಎಂ.ಟೆಕ್. ಮುಗಿಸಿ, ಆಮೇಲೆ ಪಿಎಚ್‌.ಡಿ.ಗೆ ಹೊರಗೆ ಹೋಗುವುದು ಬಡವರ ಮನೆಯ ಮಕ್ಕಳಿಗೆ ಹಳೆಯ ದಾರಿ, ಗಟ್ಟಿ ದಾರಿ. ಪಿಎಚ್‌.ಡಿ.ಯನ್ನಂತೂ ಕೈಯಿಂದ ದುಡ್ಡು ಹಾಕಿ ಓದುವುದು ಬೇಡ.

ಕೊನೆಯದು ಸಾಲ. ಇಲ್ಲಿ ರೈತರ ಮಕ್ಕಳು ಎಡವುವುದು ಒಂದು ಕಡೆ. ಸಾಮಾನ್ಯವಾಗಿ ಬ್ಯಾಂಕುಗಳು ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಕೇಳುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಕೇಳುತ್ತವೆ. ಆಗ ಅಪ್ಪ ಪಹಣಿ ಹಿಡಿದು ಹೋಗುತ್ತಾರೆ, ಮ್ಯಾನೇಜರ್ ತಲೆಯಾಡಿಸುತ್ತಾರೆ. ಸಾಲ ವಸೂಲಿಗೆ ಬ್ಯಾಂಕುಗಳು ಬಳಸುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಎಂಥ ನೀರಾವರಿ ಗದ್ದೆಯಾದರೂ ಶಿಕ್ಷಣ ಸಾಲಕ್ಕೆ ಹೆಚ್ಚಿನ ಬ್ಯಾಂಕುಗಳು ಒಪ್ಪುವುದಿಲ್ಲ, ಮನೆ ಅಥವಾ ಸೈಟಿನ ಪತ್ರ ಕೇಳುತ್ತವೆ. ಬ್ಯಾಂಕು ಗದ್ದೆ ಮುಟ್ಟುವುದಿಲ್ಲ ಎಂದಾಗಲೇ ಮಾರುವ ಮಾತು ಹುಟ್ಟುವುದು. ಅದಕ್ಕೆ ಮುಂಚೆ ಜೆ.ಎನ್. ಟಾಟಾ ಎಂಡೋಮೆಂಟನ್ನು ನೋಡಿ. 1892ರಲ್ಲಿ ಜಮ್‌ಶೆಟ್‌ಜಿ ಟಾಟಾ ಆರಂಭಿಸಿದ ಈ ನಿಧಿ ಹೊರದೇಶದ ಓದಿಗೆ 10 ಲಕ್ಷದವರೆಗೆ ಸಾಲ ರೂಪದ ವಿದ್ಯಾರ್ಥಿವೇತನ ಕೊಡುತ್ತದೆ. ಕೆ.ಸಿ. ಮಹೀಂದ್ರ ಟ್ರಸ್ಟ್ ಬಡ್ಡಿಯಿಲ್ಲದ ಸಾಲ ಕೊಡುತ್ತದೆ. ಇವನ್ನೂ ನಿಗಮದ ಸಾಲವನ್ನೂ ಸೇರಿಸಿದರೆ ಜರ್ಮನಿಯ ಆ 12 ಲಕ್ಷ ಕೈಗೆಟುಕದ ಮೊತ್ತವಲ್ಲ. ಆದರೆ ಅಲ್ಲಿ ಹೋಗಿ ಪಾರ್ಟ್‌ಟೈಮ್ ಕೆಲಸ ಮಾಡಿ ತೀರಿಸುತ್ತೇನೆ ಎಂಬುದನ್ನು ಲೆಕ್ಕದ ಹಾಳೆಯಲ್ಲಿ ಬರೆಯಬೇಡಿ. ಸಿಕ್ಕರೆ ಅದು ಸಾರಿಗೆ ಬೀಳುವ ಒಗ್ಗರಣೆ.

ಈಗ ಕಾಗದಪತ್ರ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆಯುತ್ತಾರೆ, ಆಧಾರಿನಲ್ಲಿ ಇನ್ನೊಂದು ರೀತಿ. ಮೂರೂ ಒಂದಕ್ಕೊಂದು ಕೂಡದೆ ಒಳ್ಳೆಯ ಅರ್ಜಿಗಳು ತಿಂಗಳುಗಟ್ಟಲೆ ನಿಲ್ಲುತ್ತವೆ. ಅದನ್ನು ಮೊದಲು ಸರಿಪಡಿಸಿಕೊಳ್ಳಿ. ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಅಲೆಯಬೇಕಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ದೇಶದಲ್ಲಿ ಮೊದಲು ಶುರುವಾದ ಎರಡು ಊರುಗಳಲ್ಲಿ ಮೈಸೂರು ಒಂದು, 2017ರ ಜನವರಿಯಲ್ಲಿ. ಶುಲ್ಕ 1,500 ರೂಪಾಯಿ. ಆಮೇಲೆ ನಿಮ್ಮನ್ನು ಹೆಸರಿನಿಂದ ಬಲ್ಲ ಇಬ್ಬರು ಮೇಷ್ಟ್ರುಗಳನ್ನು ಈಗಲೇ ಕಂಡು ಶಿಫಾರಸು ಪತ್ರದ ಮಾತಾಡಿ. ಅರ್ಜಿಯ ಪ್ರಬಂಧದಲ್ಲಿ ದೊಡ್ಡ ಮಾತು ಬೇಡ. ನಾಲೆಯ ಕೊನೆ ಭಾಗದ ಗದ್ದೆಗೆ ನೀರು ಏಕೆ ತಲುಪುವುದಿಲ್ಲ ಎಂಬುದು ನಿಮಗೆ ಚಿಕ್ಕಂದಿನಿಂದ ಗೊತ್ತು. ಅದನ್ನು ಸಿವಿಲ್ ಎಂಜಿನಿಯರಿನ ಕಣ್ಣಲ್ಲಿ ಎರಡು ಪುಟ ಬರೆಯಿರಿ. ಓದುವವರು ನಿಲ್ಲುತ್ತಾರೆ.

ಒಂದು ಎಚ್ಚರಿಕೆ. ‘ಸ್ಕಾಲರ್‌ಶಿಪ್ ಮಂಜೂರಾಗಿದೆ, ಪ್ರೊಸೆಸಿಂಗ್ ಫೀ ಕಳಿಸಿ’ ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಮೇಲೆ ಹೇಳಿದ ಎರಾಸ್ಮಸ್, ಮೆಕ್ಸ್ಟ್, ಕಾಮನ್‌ವೆಲ್ತ್, ಚೀವನಿಂಗ್ ಯಾವುದಕ್ಕೂ ಅರ್ಜಿ ಶುಲ್ಕವೇ ಇಲ್ಲ.

ಹಾಗಾದರೆ ಎಲ್ಲಿಂದ ಶುರು? ಒಂದು ಹಾಳೆಯಲ್ಲಿ ಮೊದಲು ದುಡ್ಡು ಕೊಡುವವರ ಹೆಸರು ಬರೆಯಿರಿ, ಕೊನೆಯ ದಿನಾಂಕ ಸಮೇತ. ಅದರ ಪಕ್ಕದಲ್ಲಿ ಅವರು ಒಪ್ಪುವ ವಿಶ್ವವಿದ್ಯಾಲಯಗಳ ಹೆಸರು ಬರೆಯಿರಿ. ಆ ಹಾಳೆಯಲ್ಲಿಲ್ಲದ ಕಾಲೇಜಿಗೆ, ಎಷ್ಟೇ ಗ್ಯಾರಂಟಿ ಕೊಡಲಿ, ಅರ್ಜಿ ಹಾಕಬೇಡಿ. ಈ ವಾರವೇ ನಾಡಕಚೇರಿಗೆ ಹೋಗಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಡಿ. ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಗದ್ದೆ ಮಾರುವುದಕ್ಕಿಂತ ಮುಂಚೆ ಮಾಡಬಹುದಾದ ಕೆಲಸ ಇಷ್ಟೊಂದಿದೆ ಎಂಬುದು ಅವರಿಗೂ ತಿಳಿಯಲಿ.