ಲಂಡನ್ನಿನ ಮಳೆಯೂ ನಮ್ಮೂರ ಮಳೆಯೂ

ಒಂದು ದಿನದ ಬಿಸಿಲು, ಗಾಳಿ, ಮಳೆಗಳ ಸ್ಥಿತಿಗೆ ಹವಾಮಾನವೆಂದು ಹೆಸರು. ಅನೇಕ ವರ್ಷಗಳ ಹವಾಮಾನದಿಂದ ತಿಳಿದುಬರುವ ಪ್ರದೇಶದ ಸ್ವಭಾವವೇ ವಾಯುಗುಣ. ಬ್ರಿಟಿಷ್ ದ್ವೀಪಗಳದು ಸಮಶೀತೋಷ್ಣ ಸಾಗರಿಕ ವಾಯುಗುಣವೆಂದು ಭೂಗೋಲದಲ್ಲಿ ಓದುತ್ತೇವೆ. ಆ ದೂರದ ದ್ವೀಪಗಳ ಮಳೆಯನ್ನು ಸಾಂಗಲಿ, ಮಿರಜ, ಕುಪವಾಡಗಳ ಮಳೆಯೊಡನೆ ಹೋಲಿಸಿದರೆ ನಮ್ಮ ನೀರಿನ ಕಷ್ಟದ ಕಾರಣವೂ ತಿಳಿಯುವುದು.

ಲಂಡನ್ ನಗರವೂ ಸೈಬೀರಿಯದ ಇರ್ಕುಟ್ಸ್ಕ್ ನಗರವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಆದರೂ ಜನವರಿಯಲ್ಲಿ ಇರ್ಕುಟ್ಸ್ಕಿನ ಸರಾಸರಿ ಉಷ್ಣತೆ ಸೊನ್ನೆಗಿಂತ 15 ಡಿಗ್ರಿಗೂ ಕೆಳಗಿದ್ದರೆ, ಲಂಡನ್ನಿನದು ಸೊನ್ನೆಗಿಂತ ಮೇಲೆ ಸುಮಾರು 5 ಡಿಗ್ರಿ ಸೆಲ್ಸಿಯಸ್. ಇದಕ್ಕೆ ಕಾರಣ ಸಮುದ್ರ. ನೀರು ನೆಲಕ್ಕಿಂತ ನಿಧಾನವಾಗಿ ಕಾಯುವುದು, ನಿಧಾನವಾಗಿಯೇ ಆರುವುದು. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹದ ಮೇಲೆ ಹಾದುಬರುವ ಪಡುವಣ ಗಾಳಿಯು ಚಳಿಯನ್ನು ತಗ್ಗಿಸಿ, ವರ್ಷವಿಡೀ ತೇವವನ್ನು ಹೊತ್ತು ತರುವುದು.

ಈ ಗಾಳಿ ಪಶ್ಚಿಮದ ಬೆಟ್ಟಗಳನ್ನು ಏರುವಾಗ ತಣಿದು ಮಳೆಗರೆಯುವುದು. ಇಂಗ್ಲೆಂಡಿನ ವಾಯವ್ಯದಲ್ಲಿರುವ ಸೀತ್‌ವೇಟ್ ಎಂಬ ಹಳ್ಳಿಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಪೂರ್ವದ ಲಂಡನ್ನಿಗೆ ಸುಮಾರು 600 ಮಾತ್ರ. ನಮ್ಮಲ್ಲಿಯೂ ಇದೇ ನಿಯಮ. ಅರಬೀ ಸಮುದ್ರದ ನೈಋತ್ಯ ಮಾರುತವು ಸಹ್ಯಾದ್ರಿಯನ್ನು ಏರಿ ಮಹಾಬಳೇಶ್ವರಕ್ಕೆ 5,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಸುವುದು. ಬೆಟ್ಟ ದಾಟಿ ಕೆಳಗಿಳಿದ ಗಾಳಿ ಮತ್ತೆ ಕಾಯುವುದರಿಂದ, ಮಳೆಯ ನೆರಳಿನಲ್ಲಿರುವ ನಮ್ಮ ಸೀಮೆಗೆ ಸುಮಾರು 600 ಮಿಲಿಮೀಟರ್ ಮಾತ್ರ ಉಳಿಯುವುದು.

ಹಾಗಾದರೆ ಲಂಡನ್ನಿಗೂ ನಮಗೂ ಮಳೆ ಸಮವೇ? ಅಳತೆಯಲ್ಲಿ ಹೆಚ್ಚುಕಡಿಮೆ ಸಮ, ಹಂಚಿಕೆಯಲ್ಲಿ ಸಮವಲ್ಲ. ಅಲ್ಲಿ ಹನ್ನೆರಡು ತಿಂಗಳೂ ಸ್ವಲ್ಪಸ್ವಲ್ಪವಾಗಿ ಬೀಳುವುದು. ತಂಪಾದ ನೆಲದಿಂದ ಬೇಗನೆ ಆವಿಯಾಗದು. ಇಲ್ಲಿ ಬಹುಭಾಗ ಜೂನಿನಿಂದ ಅಕ್ಟೋಬರಿನೊಳಗೆ ಬಿದ್ದು ಮುಗಿಯುವುದು. ಅನಂತರದ ತಿಂಗಳುಗಳಲ್ಲಿ ಕೂಡಿಟ್ಟ ನೀರೇ ಗತಿ. ಬೇಸಿಗೆಯ ಬಿಸಿಲು ಅದನ್ನೂ ಹೀರುವುದು.

ಇದರ ಫಲವನ್ನು ನಾವು ಕಣ್ಣಾರೆ ಕಂಡಿದ್ದೇವೆ. 2016ರ ಏಪ್ರಿಲ್‌ನಲ್ಲಿ ಬರದಿಂದ ತತ್ತರಿಸಿದ ಲಾತೂರಿಗೆ ಮಿರಜದಿಂದ ಕೃಷ್ಣೆಯ ನೀರನ್ನು ರೈಲಿನಲ್ಲಿ ಒಯ್ಯಲಾಯಿತು. ಹತ್ತು ಟ್ಯಾಂಕರ್ ಡಬ್ಬಿಗಳ ಮೊದಲ ರೈಲು ಒಯ್ದದ್ದು ಸುಮಾರು 5 ಲಕ್ಷ ಲೀಟರ್. ಮೂರೇ ವರ್ಷಗಳ ಬಳಿಕ, 2019ರ ಆಗಸ್ಟಿನಲ್ಲಿ, ಸಾಂಗಲಿಯ ಅರ್ವಿನ್ ಸೇತುವೆಯ ಬಳಿ 45 ಅಡಿಯ ಅಪಾಯದ ಮಟ್ಟವನ್ನು ದಾಟಿದ ಅದೇ ಕೃಷ್ಣೆ 57 ಅಡಿಗೂ ಮೇಲೇರಿ ಊರೊಳಗೆ ನುಗ್ಗಿದಳು. ಊರಿನ ಮೇಲೆ ಬಿದ್ದ ಮಳೆಯೊಂದೇ ಆ ಮಹಾಪೂರಕ್ಕೆ ಕಾರಣವಲ್ಲ. ಸಹ್ಯಾದ್ರಿಯ ಮೇಲೆ ಸುರಿದ ಮಳೆ ಹೊಳೆಗಳಲ್ಲಿ ಹರಿದು ನಮ್ಮ ಬಾಗಿಲಿಗೆ ಬಂದಿತ್ತು.

ಇನ್ನು ಒಂದು ಲೆಕ್ಕ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಕುಪವಾಡ ಎಂಐಡಿಸಿಯ ಒಂದು ಕಾರಖಾನೆಯ ಛಾವಣಿ 1,000 ಚದರ ಮೀಟರ್ ಇದ್ದರೆ, 600 ಮಿಲಿಮೀಟರ್ ಮಳೆಗೆ ಅದರ ಮೇಲೆ ಬೀಳುವುದು 6 ಲಕ್ಷ ಲೀಟರ್. ಐದರಲ್ಲೊಂದು ಪಾಲು ವ್ಯರ್ಥವಾದರೂ ಉಳಿದದ್ದು ಆ ಮೊದಲ ರೈಲಿನ ನೀರಿಗೆ ಸುಮಾರು ಸಮ! 50 ಚದರ ಮೀಟರಿನ ಮನೆಯ ಮಾಳಿಗೆಗೂ 30,000 ಲೀಟರ್ ಬೀಳುವುದು. ಮೊದಲ ಮಳೆಯ ಕೊಳೆನೀರನ್ನು ಹೊರಬಿಟ್ಟು, ಉಳಿದುದನ್ನು ಸೋಸಿ ತೊಟ್ಟಿಯಲ್ಲಿ ಕೂಡಿಟ್ಟರೆ ಬಳಕೆಗೆ ಒದಗುವುದು.

ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿ ನೇರ ಅಂಚಿನ, ಸಮತಳದ ಒಂದು ಡಬ್ಬಿಯನ್ನು ಬಯಲಲ್ಲಿಟ್ಟು, ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅದರ ನೀರಿನ ಆಳವನ್ನು ಅಳೆದು ವಹಿಯಲ್ಲಿ ಬರೆದಿಡಲಿ. ಪಾಲಕರು ಅದನ್ನು ನೋಡಿ ತಮ್ಮ ಛಾವಣಿಯ ಲೆಕ್ಕ ಮಾಡಲಿ. ಲಂಡನ್ನಿಗೆ ವರ್ಷವಿಡೀ ಮಳೆಯನ್ನು ಹಂಚಿಕೊಡುವುದು ಸಮುದ್ರ. ಇಲ್ಲಿ ಆ ಹಂಚಿಕೆಯ ಕೆಲಸ ನಮ್ಮದೇ.